ಎಣ್ಣೆ ಹಚ್ಚಿಸೋಣ ಅಂದರೆ ಸಾವು ಬಂತು ಅಂತಲ್ಲ

ಪ್ರಶ್ನೆ: ಅಮ್ಮ ವಿರಾಜಪೇಟೆ ಹತ್ತಿರ ಸಿಸ್ಟರ್‌ಗಳು ನಡೆಸುವ ವೃದ್ಧಾಶ್ರಮದಲ್ಲಿದ್ದಾರೆ. ಮೊನ್ನೆ ಸಿಸ್ಟರ್ ಫೋನ್ ಮಾಡಿ, 'ಗುರುವಾರ ಫಾದರ್ ಬರ್ತಾರೆ, ಅಮ್ಮನಿಗೆ ಅಭ್ಯಂಗ ಕೊಡಿಸೋಣವಾ?' ಅಂತ ಕೇಳಿದರು. ಅಂದರೆ ನಮ್ಮ ಕಥೋಲಿಕರಲ್ಲಿ ಫಾದರ್ ಪ್ರಾರ್ಥಿಸಿ ಪವಿತ್ರ ಎಣ್ಣೆ ಹಚ್ಚುವ ಸಂಸ್ಕಾರ. ಅಮ್ಮನ ಕೊನೆಗಾಲ ಬಂತಾ?

ಇಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದೆನೋ ಲೆಕ್ಕವಿಲ್ಲ. ಮತ್ತೆ ಬರೆಯುತ್ತೇನೆ, ಯಾಕಂದರೆ ಈ ಒಂದು ಭಯದಿಂದ ಎಷ್ಟೋ ಹಿರಿಯರಿಗೆ ಸಿಗಬೇಕಾದ ಸಮಾಧಾನ ಸಿಗದೇ ಹೋಗುತ್ತಿದೆ.

ಹಿಂದೆ ಇದನ್ನು ಅಂತಿಮ ಅಭ್ಯಂಗ ಅನ್ನುತ್ತಿದ್ದರು. ಉಸಿರು ನಿಲ್ಲುವ ಹೊತ್ತಿಗೆ ಫಾದರ್‌ಗೆ ಹೇಳಿ ಕಳಿಸುತ್ತಿದ್ದರು. ಭಯ ಹುಟ್ಟಿದ್ದು ಅಲ್ಲಿಂದ. ಆದರೆ ಸಾಯುವವರಿಗೆ ಮಾತ್ರ ಅಲ್ಲ ಅಂತ ಜಗತ್ತಿನ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿತು. 1972ರಲ್ಲಿ ಪೋಪ್ ಆರನೇ ಪೌಲ್ ವಿಧಿಯನ್ನೇ ಹೊಸದು ಮಾಡಿದರು. ಈಗ ಅದು ರೋಗಿಗಳ ಅಭ್ಯಂಗ. ದೊಡ್ಡ ಆಪರೇಷನ್‌ಗೆ ಮುಂಚೆ ತಗೊಳ್ಳಬಹುದು. ವಯಸ್ಸಾಗಿ ತೀರಾ ನಿತ್ರಾಣವಾಗಿದ್ದರೂ ಸಾಕು. ಕಾಯಿಲೆ ಜಾಸ್ತಿಯಾದರೆ ಮತ್ತೊಮ್ಮೆ ತಗೊಳ್ಳಬಹುದು. ಸಾಯುವವರಿಗೆ ಅಂತಲೇ ಇರುವುದು ಬೇರೆ, ಅದು ಕೊನೆಯ ಪರಮಪ್ರಸಾದ, ಅಂದರೆ ಕ್ರಿಸ್ತನ ಶರೀರ ಅಂತ ನಂಬಿ ಸ್ವೀಕರಿಸುವ ರೊಟ್ಟಿ.

ನಮ್ಮ ಕೊಡಗಿನಲ್ಲಿ ಕಾವೇರಿ ಹುಟ್ಟುವ ತಲಕಾವೇರಿಯ ತೀರ್ಥವನ್ನೂ ಕೊನೆಗಾಲದಲ್ಲಿ ಬಾಯಿಗೆ ಬಿಡುತ್ತಾರೆ. ಹಾಗಂತ ತುಲಾ ಸಂಕ್ರಮಣಕ್ಕೆ ಮನೆಮಂದಿಯೆಲ್ಲ ತೀರ್ಥ ತಗೊಂಡಾಗ ಯಾರಾದರೂ ಹೆದರುತ್ತಾರಾ?

ಎಚ್ಚರ ಇದ್ದಾಗಲೇ ಕೊಡಿಸಿ. ಫಾದರ್ ಹಣೆಗೆ, ಅಂಗೈಗೆ ಎಣ್ಣೆ ಹಚ್ಚುವಾಗ ಅಮ್ಮನೇ 'ಆಮೆನ್' ಅನ್ನಲಿ. ಪಾಪನಿವೇದನೆ ಮಾಡಬೇಕಿದ್ದರೂ ಮಾತು ನಿಲ್ಲುವ ಮೊದಲೇ ಆಗಬೇಕು ಅಲ್ವಾ? ಕೊನೇ ಗಳಿಗೆವರೆಗೂ ಕಾದರೆ, ಜುಲೈ ಮಳೆಯಲ್ಲಿ ರಸ್ತೆಗೆ ಮರ ಬಿದ್ದಾಗ ಫಾದರ್ ಬರೋದು ಹೇಗೆ? ತೀರಿಕೊಂಡ ಮೇಲೆ ಅಭ್ಯಂಗ ಇಲ್ಲ, ಪ್ರಾರ್ಥನೆ ಮಾತ್ರ.

'ಸಿಸ್ಟರೇ ಹಚ್ಚಬಾರದಾ?' ಅಂತಲೂ ಕೇಳುತ್ತಾರೆ. ಆಗಲ್ಲ, ಅದು ಫಾದರ್ ಮಾತ್ರ ಮಾಡುವ ಕೆಲಸ. ನೇಮಕವಾದ ಸಿಸ್ಟರ್ ಪರಮಪ್ರಸಾದ ತಂದು ಕೊಡಬಹುದು. ಆದರೆ ಅಮ್ಮನ ಮುಖ ನೋಡಿ, ಈ ವಾರ ಸೋತಿದ್ದಾರೆ ಅಂತ ಮೊದಲು ಗುರುತಿಸುವವರು ಅವರೇ. ಆ ಫೋನ್ ಬಂದಿದ್ದೂ ಅದಕ್ಕೇ.

ಪಕ್ಕದ ಮಂಚದವರು ಕ್ರೈಸ್ತರಲ್ಲದಿದ್ದರೆ? ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ನಾನು ಹೋಗುವ ಆಶ್ರಮದಲ್ಲಿ ಒಬ್ಬರು ಕೊಡವ ಅಜ್ಜಿ ಇದ್ದಾರೆ. ಅವರಿಗೆ ಅಭ್ಯಂಗವಿಲ್ಲ, ಆದರೆ ಸಿಸ್ಟರ್ ದಿನಾ ಬಂದು ಕೂರುತ್ತಾರೆ. ಕಳೆದ ಸಂಕ್ರಮಣದ ಮರುದಿನ ಮೊಮ್ಮಗ ಬಾಟಲಿಯಲ್ಲಿ ತೀರ್ಥ ತಂದಿದ್ದ. ಅಜ್ಜಿಯ ಕೈ ನಡುಗುತ್ತದೆ. ಸಿಸ್ಟರೇ ಅವರ ತಲೆ ಎತ್ತಿ ಹಿಡಿದು ಚಮಚದಲ್ಲಿ ಕುಡಿಸಿದರು, ಗಲ್ಲ ಒರೆಸಿದರು. ಆಮೇಲೆ ಬಾಟಲಿಯ ಮೇಲೆ ಅಜ್ಜಿಯ ಹೆಸರು ಬರೆದು ಬೀರುವಿನಲ್ಲಿಟ್ಟರು. ಅದು ಮತ್ತೆ ಯಾವಾಗ ಬೇಕಾಗುತ್ತದೆ ಅಂತ ಅಜ್ಜಿಗೂ ಗೊತ್ತು, ಸಿಸ್ಟರ್‌ಗೂ ಗೊತ್ತು.