ಅದೇ ಕಾಡಿಗೆ ಮತ್ತೆ ಮತ್ತೆ

ಫಿನ್‌ಲೆಂಡಿನ ಕೆಲವು ನಗರ ಶಿಶುವಿಹಾರಗಳ ಅಂಗಳದಲ್ಲಿ ಜಲ್ಲಿಯ ಹೊರತು ಬೇರೇನೂ ಇರಲಿಲ್ಲ. ಸಂಶೋಧಕರು ಅಲ್ಲಿಗೆ ಕಾಡಿನ ನೆಲವನ್ನೇ ಎತ್ತಿ ತಂದು ಹಾಸಿದರು. ಪಾಚಿ, ತರಗೆಲೆ, ಕಾಡುಹಣ್ಣಿನ ಕುರುಚಲು ಗಿಡ, ಹುಲ್ಲು, ಗಿಡ ನೆಡಲು ಮಣ್ಣಿನ ಪೆಟ್ಟಿಗೆಗಳು ಬಂದವು. ಮೂರರಿಂದ ಐದು ವರ್ಷದ ಮಕ್ಕಳು 28 ದಿನ ಅದರಲ್ಲಿ ಅಗೆದರು, ನೆಟ್ಟರು, ಹೊರಳಾಡಿದರು. ಹೋಲಿಕೆಗೆಂದು ಜಲ್ಲಿಯ ಅಂಗಳದಲ್ಲೇ ಆಡಿದ ಮಕ್ಕಳೂ ಇದ್ದರು, ದಿನವೂ ಕಾಡಿಗೆ ಹೋಗುವ ಶಿಶುವಿಹಾರದ ಮಕ್ಕಳೂ ಇದ್ದರು. ಒಟ್ಟು 10 ಶಿಶುವಿಹಾರಗಳು, 75 ಮಕ್ಕಳು. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕಾಡುನೆಲದಲ್ಲಿ ಆಡಿದವರ ಚರ್ಮದ ಮೇಲೆ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತ್ತು. ರಕ್ತದಲ್ಲಿ, ಉರಿಯೂತವನ್ನು ಹತೋಟಿಯಲ್ಲಿಡುವ ಸಂಕೇತಗಳು ಬಲಗೊಂಡಿದ್ದವು.

ನಮ್ಮ ರೋಗನಿರೋಧಕ ವ್ಯವಸ್ಥೆಗೆ ಹೋರಾಡುವುದನ್ನು ಕಲಿಯುವಷ್ಟೇ ಸುಮ್ಮನಿರುವುದನ್ನು ಕಲಿಯುವುದೂ ಮುಖ್ಯ. ಪರಾಗ, ದೂಳು, ಕಡಲೆಕಾಯಿ, ಸ್ವಂತ ಜೀವಕೋಶ ಇವುಗಳ ಮೇಲೆ ಅದು ಎರಗಬಾರದು. ಆ ಸಂಯಮವನ್ನು ಕಾಯುವುದು ನಿಯಂತ್ರಕ ಟಿ-ಕೋಶಗಳೆಂಬ ಒಂದು ಬಗೆಯ ಬಿಳಿ ರಕ್ತಕಣಗಳು. ಎಳೆಯ ವಯಸ್ಸಿನಲ್ಲಿ ಮಣ್ಣು, ಎಲೆ, ಪ್ರಾಣಿಗಳ ನಿರುಪದ್ರವಿ ಸೂಕ್ಷ್ಮಜೀವಿಗಳ ಒಡನಾಟ ಸಿಕ್ಕರೆ ಈ ಕೋಶಗಳು ಚೆನ್ನಾಗಿ ಪಳಗುತ್ತವೆ ಎಂದು ಅನೇಕ ವಿಜ್ಞಾನಿಗಳು ಭಾವಿಸುತ್ತಾರೆ. ಈ ವಿಚಾರಕ್ಕೆ ಬಲ ಬಂದದ್ದು ಕರೇಲಿಯಾ ಪ್ರಾಂತ್ಯದಿಂದ. ಅದರ ಒಂದು ಭಾಗ ಫಿನ್‌ಲೆಂಡಿನಲ್ಲಿದೆ, ಇನ್ನೊಂದು ರಷ್ಯಾದಲ್ಲಿ. ಜನರ ವಂಶಮೂಲ ಹತ್ತಿರದ್ದು, ಹವಾಮಾನವೂ ಒಂದೇ. ಆದರೆ ಹಳ್ಳಿಯ ಬದುಕು ಉಳಿದುಕೊಂಡಿದ್ದ ರಷ್ಯಾದ ಕಡೆಯಲ್ಲಿ ಅಲರ್ಜಿ ಬಹಳ ಕಡಿಮೆ.

75 ಮಕ್ಕಳ ಅಧ್ಯಯನ ಚಿಕ್ಕದು. ಆ ಮಕ್ಕಳಿಗೆ ಮುಂದೆ ಆಸ್ತಮಾ ಬರುವುದಿಲ್ಲ ಎಂದು ಅದು ಸಾಧಿಸಿಲ್ಲ, ಸಾಧಿಸಿದ್ದೇವೆ ಎಂದು ಸಂಶೋಧಕರು ಹೇಳಿಯೂ ಇಲ್ಲ. ಆದರೂ ಅದರಲ್ಲಿ ನನಗೆ ಬಹಳ ಮುಖ್ಯವೆನಿಸುವ ಸಂಗತಿಯೊಂದಿದೆ. ಆ ಮಕ್ಕಳನ್ನು ಯಾರೂ ದೂರದ ಅಭಯಾರಣ್ಯಕ್ಕೆ ಕರೆದೊಯ್ಯಲಿಲ್ಲ. ಅವರಿಗೆ ಸಿಕ್ಕಿದ್ದು ಒಂದು ತುಂಡು ನೆಲ, ಅದೂ ಪ್ರತಿದಿನ.

ಇಂಗ್ಲೆಂಡಿನ ಕಾಡುಶಾಲೆ ನಿಂತಿರುವುದೂ ಇದೇ ಪುನರಾವರ್ತನೆಯ ಮೇಲೆ. ಸಾಮರ್‌ಸೆಟ್‌ನ ಬ್ರಿಜ್‌ವಾಟರ್ ಕಾಲೇಜಿನ ಶಿಶುಶಿಕ್ಷಣ ವಿಭಾಗದವರು 1993ರಲ್ಲಿ ಡೆನ್ಮಾರ್ಕಿಗೆ ಹೋಗಿದ್ದರು. ಅಲ್ಲಿ ಮಳೆ, ಚಳಿ ಎನ್ನದೆ ದಿನದ ಬಹುಪಾಲು ಹೊರಗೇ ಕಳೆಯುವ ಪುಟ್ಟ ಮಕ್ಕಳನ್ನು ಕಂಡು, ಮರಳಿ ಬಂದು ತಮ್ಮಲ್ಲೂ ಅದನ್ನು ಆರಂಭಿಸಿದರು. ಇಂದು ಬ್ರಿಟನ್ನಿನಲ್ಲಿ ಅದಕ್ಕೆ ತರಬೇತಿಯಿದೆ, 2012ರಲ್ಲಿ ಹುಟ್ಟಿದ ಸಂಘಟನೆಯಿದೆ, ಒಪ್ಪಿತ ನಿಯಮಗಳಿವೆ. ಮಕ್ಕಳು ಅದೇ ಮರಗಳ ನಡುವೆ ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಋತುಗಳುದ್ದಕ್ಕೂ ಹೋಗಬೇಕು. ಏನು ಮಾಡಬೇಕೆಂಬುದನ್ನು ಮಗು ಹೆಚ್ಚಾಗಿ ತಾನೇ ಆರಿಸಿಕೊಳ್ಳಬೇಕು. ಮರ ಹತ್ತುವುದು, ಚಾಕುವಿನಿಂದ ಕಡ್ಡಿ ಕೆತ್ತುವುದು, ಬೆಂಕಿ ಹೊತ್ತಿಸುವುದು ಇಂಥ ಅಳತೆಯ ಅಪಾಯಗಳಿಗೆ ಅವಕಾಶವಿರಬೇಕು. ಜೊತೆಗೆ ತರಬೇತಾದ ಹಿರಿಯರಿರುತ್ತಾರೆ, ಅವರು ತೋರಿಸುವುದಕ್ಕಿಂತ ಗಮನಿಸುವುದೇ ಹೆಚ್ಚು.

ಮೊದಲ ವಾರ ಮಗು ಹಿಡಿದ ಅಪ್ಪನ ಕೈಯನ್ನು ಬಿಡುವುದಿಲ್ಲ, ಎರಡನೆಯ ವಾರ ಬೇಸರವೆನ್ನುತ್ತದೆ. ಅಲ್ಲಿಗೇ ನಿಲ್ಲಿಸಿಬಿಟ್ಟರೆ ನಷ್ಟ ನಮ್ಮದು. ಐದಾರು ವಾರ ಕಳೆದರೆ ಆ ಜಾಗ ಅದಕ್ಕೆ ಪರಿಚಯವಾಗಿರುತ್ತದೆ. ಕಳೆದ ಸಲ ಇಲ್ಲದ ಅಣಬೆ ಇಂದು ಇರುವುದು ಕಣ್ಣಿಗೆ ಬೀಳುತ್ತದೆ. ಬದಲಾವಣೆಯನ್ನು ಕಾಣಲು ಮೊದಲಿನದು ನೆನಪಿರಬೇಕು, ನೆನಪಿರಲು ಮತ್ತೆ ಮತ್ತೆ ಹೋಗಬೇಕು. ಕರ್ನಾಟಕ ಅರಣ್ಯ ಇಲಾಖೆಯ ಚಿಣ್ಣರ ವನದರ್ಶನ ಸರ್ಕಾರಿ ಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಸೊಗಸಾದ ಯೋಜನೆ. ಆದರೆ ಒಂದು ಪ್ರವಾಸ ತೆರೆದ ಬಾಗಿಲಿನೊಳಗೆ ಮಗು ದಾಟಬೇಕಾದರೆ ಮನೆಯ ಹತ್ತಿರವೂ ಒಂದು ಮರ ಬೇಕು.

ಹೊರಗಿರುವುದರಿಂದ ಆಗುವ ಲಾಭಗಳಲ್ಲಿ ಗಟ್ಟಿಯಾದ ಪುರಾವೆಯಿರುವುದು ಕಣ್ಣಿನ ವಿಷಯದಲ್ಲಿ. ಚೀನಾದ ಗುವಾಂಗ್‌ಜೌ ನಗರದ 12 ಶಾಲೆಗಳಲ್ಲಿ ಆರನ್ನು ಆರಿಸಿ, ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೊರಾಂಗಣದ ತರಗತಿ ಸೇರಿಸಿದರು. ಮೂರು ವರ್ಷದ ನಂತರ ಆ ಮಕ್ಕಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಶೇ 30ರಷ್ಟು, ಉಳಿದ ಶಾಲೆಗಳಲ್ಲಿ ಸುಮಾರು ಶೇ 40. ಬೆಳಕನ್ನು ಅಳೆಯುವ ಮಾನ ಲಕ್ಸ್. ಕೋಣೆಯೊಳಗಿನ ಬೆಳಕು ಕೆಲವು ನೂರು ಲಕ್ಸ್, ಬಯಲಿನಲ್ಲಿ ಅದು ಹತ್ತಾರು ಸಾವಿರ. ಗಾಢ ಬೆಳಕಿಗೆ ಅಕ್ಷಿಪಟಲ ಡೋಪಮೈನ್ ಎಂಬ ರಾಸಾಯನಿಕವನ್ನು ಸ್ರವಿಸುತ್ತದೆ, ಕಣ್ಣುಗುಡ್ಡೆ ಅತಿಯಾಗಿ ಉದ್ದವಾಗದಂತೆ ಅದು ತಡೆಯುತ್ತದೆ ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ. ಹೊಂಗೆಯ ನೆರಳೂ ತರಗತಿಗಿಂತ ಎಷ್ಟೋ ಪಾಲು ಪ್ರಕಾಶಮಾನ.

ದೊಡ್ಡವರಿಗೂ ಇದರಲ್ಲಿ ಪಾಲಿದೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ 2008ರ ಪ್ರಯೋಗವೊಂದರಲ್ಲಿ ಕೆಲವರನ್ನು ಮರಗಳ ತೋಟದಲ್ಲಿಯೂ ಪೇಟೆಬೀದಿಯಲ್ಲಿಯೂ ಬೇರೆ ಬೇರೆ ದಿನ ನಡೆಸಿದರು. ಅಂಕಿಗಳ ಸಾಲನ್ನು ಕೇಳಿಸಿಕೊಂಡು ಹಿಂದುಮುಂದಾಗಿ ಹೇಳುವ ಪರೀಕ್ಷೆಯಲ್ಲಿ, ತೋಟದ ನಡಿಗೆಯ ನಂತರ ಸಾಧನೆ ಸ್ಪಷ್ಟವಾಗಿ ಏರಿತು, ಪೇಟೆಯ ನಡಿಗೆಯ ನಂತರ ಹಾಗಾಗಲಿಲ್ಲ. ಕೊರೆಯುವ ಚಳಿಯಲ್ಲಿ ನಡೆದವರಿಗೂ ಲಾಭ ಸಿಕ್ಕಿತು. ಪೇಟೆಯಲ್ಲಿ ಹಾರ್ನ್, ಫಲಕ, ಎದುರಾಗುವ ಬೈಕು ಎಲ್ಲವೂ ಗಮನವನ್ನು ಕಸಿಯುತ್ತವೆ. ಎಲೆಯ ಅಲುಗಾಟ ಅದನ್ನು ಬಲವಂತವಿಲ್ಲದೆ ಹಿಡಿದಿಡುತ್ತದೆ, ಮನಸ್ಸಿನ ದಣಿದ ಭಾಗಕ್ಕೆ ಬಿಡುವು ಸಿಗುತ್ತದೆ. ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಜರಡಿ ಹಿಡಿದ 2019ರ ಅಧ್ಯಯನ, ವಾರಕ್ಕೆ 120 ನಿಮಿಷ ನಿಸರ್ಗದಲ್ಲಿ ಕಳೆಯುವವರು ತಮ್ಮ ಆರೋಗ್ಯ ಚೆನ್ನಾಗಿದೆ ಎನ್ನುವ ಸಾಧ್ಯತೆ ಹೆಚ್ಚೆಂದು ಕಂಡಿತು. ಆರೋಗ್ಯವಿದ್ದವರೇ ಹೆಚ್ಚು ಹೊರಗೆ ಹೋಗುವುದೂ ಉಂಟು, ಆದ್ದರಿಂದ ಆ ಸಂಖ್ಯೆಯನ್ನು ಔಷಧದ ಪ್ರಮಾಣದಂತೆ ಓದಬಾರದು.

ಬೆಂಗಳೂರಿನಲ್ಲಿ ಇದನ್ನು ಮಾಡುವುದು ಹೇಗೆ? ಇಂಗ್ಲೆಂಡಿನದನ್ನು ಇದ್ದ ಹಾಗೆ ತರಲಾಗದು. ಅರಣ್ಯ ಇಲಾಖೆಯ ಕಾಡಿನಲ್ಲಿ ಬೆಂಕಿ ಹಚ್ಚುವಂತಿಲ್ಲ. ನಮ್ಮ ಮಣ್ಣಿನಲ್ಲಿ ಕೊಕ್ಕೆಹುಳು ಇರಬಹುದು, ಮಳೆನೀರಿನಲ್ಲಿ ಇಲಿಜ್ವರದ ರೋಗಾಣು ಇರಬಹುದು. ಕಾಲಿಗೆ ಚಪ್ಪಲಿ ಬೇಕು, ಗಾಯವಿದ್ದರೆ ನಿಂತ ನೀರಿಗೆ ಇಳಿಯಬಾರದು, ಊಟಕ್ಕೆ ಮೊದಲು ಕೈಗೆ ಸೋಪು ಬೇಕು, ಕಲ್ಲು ಮಗುಚುವಾಗ ಕಡ್ಡಿ ಬಳಸಬೇಕು. ಇಷ್ಟು ಜಾಗ್ರತೆಯಿದ್ದರೆ ಉಳಿದ ಕೊಳೆಗೆ ಹೆದರಬೇಕಿಲ್ಲ.

ಸಡಿಲ ಮಣ್ಣಿನಲ್ಲಿ ಆಲಿಕೆಯಾಕಾರದ ಕುಳಿ ತೋಡಿ, ತಳದಲ್ಲಿ ಅಡಗಿ ಇರುವೆಗಾಗಿ ಕಾಯುವ ಪುಟ್ಟ ಹುಳವನ್ನು ತೋರಿಸಿ. ಅಂಚಿನಿಂದ ಒಂದು ಇರುವೆ ಜಾರಿದರೆ ಅದು ತಲೆಯಿಂದ ಮಣ್ಣು ಚಿಮ್ಮಿಸಿ ಕೆಳಗೆ ಬೀಳಿಸುತ್ತದೆ. ಮಗು ಅರ್ಧ ಗಂಟೆ ಅಲ್ಲಿಂದ ಏಳುವುದಿಲ್ಲ, ಮೊಬೈಲನ್ನೂ ಕೇಳುವುದಿಲ್ಲ. ಲಾಲ್‌ಬಾಗಿನ ಸುಮಾರು 300 ಕೋಟಿ ವರ್ಷದ ಬಂಡೆ, ಕೈಕೊಂಡ್ರಹಳ್ಳಿ ಕೆರೆಯ ದಂಡೆ, ಬಡಾವಣೆಯ ಆಲದ ಮರ ಯಾವುದಾದರೂ ಆದೀತು. ನಾಲ್ಕೈದು ಮನೆಯವರು ಸೇರಿ ಒಂದೇ ಜಾಗವನ್ನು ಗೊತ್ತುಮಾಡಿ ಪ್ರತಿ ಭಾನುವಾರ ಹೋದರೆ ಸಾಕು. ಅಜ್ಜ ಅಜ್ಜಿಯರೂ ಬರಲಿ, ನೇರಳೆ ಹೂ ಬಿಡುವ ಕಾಲ, ಅತ್ತಿಕಾಯಿಯ ಒಳಗಿನ ಹುಳ ಇವೆಲ್ಲ ಅವರಿಗೆ ಗೊತ್ತು.

ಜಾಗ ಮಾತ್ರ ಹಾಗೆಯೇ ಇರಬೇಕು. ತುರಹಳ್ಳಿ ಕಾಡನ್ನು ಟ್ರೀ ಪಾರ್ಕ್ ಮಾಡುವ ಯೋಜನೆ ಬಂದಾಗ 2021ರಲ್ಲಿ ನಾಗರಿಕರು ಪ್ರತಿಭಟಿಸಿದರು, ಯೋಜನೆ ನಿಂತಿತು. ಅವರ ಪಟ್ಟು ನನಗೆ ಪೂರ್ತಿ ಸರಿಯೆನಿಸುತ್ತದೆ. ಗುಡಿಸಿ, ಕಲ್ಲು ಹಾಸಿ, ಹುಲ್ಲಿನ ಮೇಲೆ ಕಾಲಿಡಬೇಡಿ ಎಂದು ಫಲಕ ಹಾಕಿದಲ್ಲಿ ತರಗೆಲೆಯಿಲ್ಲ, ಕೊಳೆತ ಕೊಂಬೆಯಿಲ್ಲ, ಸೂಕ್ಷ್ಮಜೀವಿಗಳ ವೈವಿಧ್ಯವೂ ಇಲ್ಲ.

ಇನ್ನೊಂದು ಚಿಂತೆ ಶುಲ್ಕದ್ದು. ವಾರಾಂತ್ಯದ ನಿಸರ್ಗ ಶಿಬಿರಗಳು ಹಣವುಳ್ಳವರ ಮಕ್ಕಳಿಗಷ್ಟೇ ಸಿಗುವಂತಾದರೆ ಅದು ಅನ್ಯಾಯ, ವಿಜ್ಞಾನಕ್ಕೂ ವಿರುದ್ಧ. ಇಂಗ್ಲೆಂಡಿನ ಸಾವಿನ ದಾಖಲೆಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಸಿರು ಹೆಚ್ಚಿರುವ ಪ್ರದೇಶಗಳಲ್ಲಿ ಬಡವ ಬಲ್ಲಿದರ ನಡುವಿನ ಆರೋಗ್ಯದ ಅಂತರ ಕಿರಿದಾಗಿತ್ತು. ಅಂದರೆ ಹಸಿರಿನಿಂದ ಅತಿ ಹೆಚ್ಚು ಪಡೆಯಬಲ್ಲವರು ಬಾಡಿಗೆಯ ಒಂಟಿಕೋಣೆಯ ಮಕ್ಕಳೇ. ಅವರು ದಿನವೂ ಬರುವ ಅಂಗನವಾಡಿಯ ಹಿತ್ತಲಿನಲ್ಲಿ ಹತ್ತಡಿ ಚೌಕದ ನೆಲಕ್ಕೆ ಸಿಮೆಂಟ್ ಹಾಕದೆ, ತರಗೆಲೆ ಗುಡಿಸದೆ, ಒಂದು ಹೊಂಗೆ, ನಾಲ್ಕು ತುಂಬೆ, ಒಂದಿಷ್ಟು ಗರಿಕೆ ಬೆಳೆಯಲು ಬಿಡುವುದಕ್ಕೆ ವಾರ್ಡಿನವರು ಒಪ್ಪಿದರೆ ಸಾಕು. ಮುಂಗಾರಿಗೆ ಮುನ್ನ ಕೇಳಿದರೆ ಈ ವರ್ಷವೇ ನೆಡಬಹುದು.