ಹ್ಯಾಲೋಥೇನ್, ದಡಾರ ವೈರಸ್ ಮತ್ತು ಶೇಕಡಾ ಲೆಕ್ಕದ ಗೊಂದಲ

ಒತ್ತಡ ಏರಿಸಿದಾಗ ಹ್ಯಾಲೋಥೇನ್ ಡೋಸ್ ಎಷ್ಟಾಗುತ್ತದೆ ಅನ್ನುವ ಒಂದೇ ಲೆಕ್ಕದಲ್ಲಿ ಮೂರು ದಿನ ಸಿಕ್ಕಿಕೊಂಡಿದ್ದೆ. ನಿನ್ನೆ ರಾತ್ರಿ ಬಗೆಹರಿಯಿತು, ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಹ್ಯಾಲೋಥೇನ್ ಉಸಿರಿನ ಮೂಲಕ ಕೊಡುವ ಅರಿವಳಿಕೆ. 1980ರ ದಶಕದ ಪ್ರಯೋಗಗಳಲ್ಲಿ ಅದು ವೆರೋ ಕೋಶಗಳಲ್ಲಿ, ಅಂದ್ರೆ ಮಂಗದ ಮೂತ್ರಪಿಂಡದಿಂದ ಬೆಳೆಸಿದ ಕೋಶಗಳಲ್ಲಿ, ದಡಾರ ವೈರಸ್ ಬೆಳೆಯುವುದನ್ನೇ ತಡೆಯಿತು. ಡೋಸ್ ಏರಿದಷ್ಟೂ ತಡೆ ಜಾಸ್ತಿ. ಅನಿಲ ತೆಗೆದರೆ ವೈರಸ್ ಮತ್ತೆ ಶುರು. ಕೋಶ ಸತ್ತು ವೈರಸ್ ನಿಂತಿದ್ದರೆ ಹೀಗಾಗುತ್ತಿರಲಿಲ್ಲ, ಅಲ್ವಾ?

ಇನ್ನು ಒತ್ತಡ. 1950ರಲ್ಲಿ ಜಾನ್ಸನ್ ಮತ್ತು ಫ್ಲ್ಯಾಗ್ಲರ್ ಎಂಬ ವಿಜ್ಞಾನಿಗಳು, ಆಲ್ಕೋಹಾಲ್‌ನಿಂದ ಮಂಕಾಗಿದ್ದ ಗೊದಮೊಟ್ಟೆಗಳ ಮೇಲೆ ನೂರು ಅಟ್ಮಾಸ್ಫಿಯರ್‌ಗೂ ಮೀರಿ ಒತ್ತಡ ಹಾಕಿದರು (ಒಂದು ಅಟ್ಮಾಸ್ಫಿಯರ್ ಅಂದ್ರೆ ಸಮುದ್ರಮಟ್ಟದಲ್ಲಿನ ಗಾಳಿಯ ಒತ್ತಡ). ಅವು ಮತ್ತೆ ಈಜಿದವು! ಹಾಗಾದರೆ ಹ್ಯಾಲೋಥೇನ್ ತಡೆದ ವೈರಸ್ ಮೇಲೂ ಒತ್ತಡ ಹಾಕಿ ನೋಡಬಹುದು. ನಾನು ಎಡವಿದ್ದು ಇಲ್ಲೇ.

ಪುಸ್ತಕದಲ್ಲಿ ಹ್ಯಾಲೋಥೇನ್ ಪ್ರಮಾಣ 0.75% ಎಂದಿರುತ್ತದೆ. ಕೊಯ್ದರೂ ನೂರರಲ್ಲಿ ಐವತ್ತು ರೋಗಿಗಳು ಕದಲದ ಮಟ್ಟ ಅದು. ಆದರೆ ಕೋಶಕ್ಕೆ ಶೇಕಡಾ ಗೊತ್ತಾಗುವುದಿಲ್ಲ. ಅದಕ್ಕೆ ತಟ್ಟುವುದು ಪಾರ್ಶಿಯಲ್ ಪ್ರೆಶರ್, ಅಂದ್ರೆ ಒಟ್ಟು ಒತ್ತಡದಲ್ಲಿ ಆ ಅನಿಲದ ಪಾಲು. ಮುಂಬೈಯಿಂದ ಪುಣೆಗೆ ರೈಲಲ್ಲಿ ಬರುವಾಗ ಘಾಟಿ ಹತ್ತಿ ಲೋನಾವಳ ಮುಟ್ಟುವಷ್ಟರಲ್ಲಿ ಚಿಪ್ಸ್ ಪ್ಯಾಕೆಟ್ ಉಬ್ಬಿರುತ್ತದೆ, ನೋಡಿದ್ದೀರಾ? ಹೊರಗಿನ ಒತ್ತಡ ಇಳಿದಿದೆ. ಮುಂಬೈಯಲ್ಲಿ ಒತ್ತಡ 760 ಮಿ.ಮೀ. ಪಾದರಸ, ಅದರಲ್ಲಿ 0.75% ಅಂದ್ರೆ 5.7. ಸುಮಾರು 560 ಮೀಟರ್ ಎತ್ತರದ ನಮ್ಮ ಪುಣೆಯಲ್ಲಿ ಒತ್ತಡ ಸುಮಾರು 710, ಹಾಗಾಗಿ ಅದೇ 0.75% ಇಲ್ಲಿ 5.3. ಶೇಕಡಾ ಒಂದೇ, ಡೋಸ್ ಬೇರೆ.

ಈಗ ಒತ್ತಡ ಹಾಕುವ ಸ್ಟೀಲ್ ಚೇಂಬರ್‌ಗೆ ಬನ್ನಿ. 0.75% ಮಿಶ್ರಣವನ್ನೇ 100 ಅಟ್ಮಾಸ್ಫಿಯರ್‌ಗೆ ಒತ್ತಿದರೆ ಹ್ಯಾಲೋಥೇನ್ 5.7 ಅಲ್ಲ, 570 ಆಗಬೇಕು. ನೂರು ಪಟ್ಟು ಡೋಸ್! ನಾನು ಮೂರು ದಿನ ಮಾಡಿದ್ದು ಇದೇ ತಪ್ಪು ಲೆಕ್ಕ. ಸರಿಯಾದ ಕ್ರಮ: ಮೊದಲು 5.7 ಮಿ.ಮೀ. ಹ್ಯಾಲೋಥೇನ್ ಇಡಿ, ಅದರ ಮೇಲೆ ಬರೀ ಹೀಲಿಯಂ ತುಂಬಿ. ಈಗ ಹ್ಯಾಲೋಥೇನ್ 0.0075% ಮಾತ್ರ, ಆದರೂ ಡೋಸ್ ಅಷ್ಟೇ ಇದೆ. ಕಾರ್ಬನ್ ಡೈಆಕ್ಸೈಡ್‌ಗೂ ಇದೇ ಲೆಕ್ಕ. ಕೋಶ ಬೆಳೆಸುವಾಗ ಅದನ್ನು 5% ಕೊಡುತ್ತಾರೆ; ಆ 5% ಅಂತ ಸುಮ್ನೆ ಹಾಗೇ ಒತ್ತಿದರೆ ಅದು 5 ಅಟ್ಮಾಸ್ಫಿಯರ್ ಆಗಿ, ಮೀಡಿಯಾ, ಅಂದ್ರೆ ಕೋಶ ಬೆಳೆಸುವ ದ್ರವ, ಹುಳಿಯೇರಿ, ಗುಲಾಬಿಗೆಂಪು ಬಣ್ಣ ಹಳದಿಗೆ ತಿರುಗುತ್ತದೆ.

ಹೀಲಿಯಂ ಯಾಕೆ? ಅದಕ್ಕೆ ಮಂಪರು ತರಿಸುವ ಗುಣ ಇಲ್ಲವೆನ್ನುವಷ್ಟು ಕಡಿಮೆ. ನೈಟ್ರೋಜನ್ ಹಾಗಲ್ಲ, ಆಳಕ್ಕೆ ಇಳಿದ ಮುಳುಗುಗಾರರಿಗೆ ಅದೇ ಮಂಪರು ತರಿಸುತ್ತದೆ.

ಪ್ರಯೋಗಕ್ಕೆ ಕೋಶ ಬೆಳೆಸಿದ ತಟ್ಟೆಗಳು ನಾಲ್ಕು ಬೇಕು: ಬರೀ ವೈರಸ್, ವೈರಸ್ ಜೊತೆ ಹ್ಯಾಲೋಥೇನ್, ವೈರಸ್ ಜೊತೆ ಒತ್ತಡ, ಎರಡೂ ಸೇರಿದ್ದು. ಪ್ಲೇಕ್, ಅಂದ್ರೆ ವೈರಸ್ ಕೋಶಗಳನ್ನು ಕೊಂದು ಮಾಡಿದ ಖಾಲಿ ಚುಕ್ಕೆಗಳನ್ನು, ಎಣಿಸಿದ ಮೇಲೆ ನಾಲ್ಕನೆಯದನ್ನು ಎರಡನೆಯದರ ಜೊತೆ ಮಾತ್ರವಲ್ಲ, ಮೂರನೆಯದರ ಜೊತೆಗೂ ಹೋಲಿಸಿ. ಒತ್ತಡ ಒಂದೇ ವೈರಸ್‌ಗೆ ಏನು ಮಾಡುತ್ತದೆ ಅನ್ನುವುದು ಕಾಣುವುದು ಆ ತಟ್ಟೆಯಲ್ಲಿ ಮಾತ್ರ.