‘ಒಎಂಜಿ’ಗೆ ನೂರು ವರ್ಷ ದಾಟಿದೆ, ಗೊತ್ತಾ?

ಒಂದು ಬ್ರಾಕೆಟ್‌ನಿಂದ ಶುರು ಮಾಡೋಣ. 1917ರ ಸೆಪ್ಟೆಂಬರ್. ಬ್ರಿಟನ್ನಿನ ನೌಕಾಪಡೆಯನ್ನು ನಡೆಸಿ ಹೊರಬಂದಿದ್ದ ಲಾರ್ಡ್ ಫಿಶರ್‌ಗೆ ಆಗ 76 ವರ್ಷ. ಚರ್ಚಿಲ್‌ಗೆ ಒಂದು ಪತ್ರ ಬರೆದರು. ಹೊಸದೊಂದು ನೈಟ್ ಬಿರುದು ಬರುತ್ತದಂತೆ ಎಂದು ಗೇಲಿ ಮಾಡುತ್ತಾ ‘ಒ.ಎಂ.ಜಿ.’ ಅಂದರು. ಅರ್ಥವಾಗದೇ ಹೋದೀತು ಎಂದು ಪಕ್ಕದಲ್ಲೇ ಬ್ರಾಕೆಟ್ ಹಾಕಿ ‘ಓ ಮೈ ಗಾಡ್’ ಎಂದು ಬಿಡಿಸಿಯೂ ಬರೆದರು. ನಮ್ಮಲ್ಲಾದರೆ ‘ಅಯ್ಯೋ ದೇವ್ರೇ’.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು 2011ರ ಮಾರ್ಚ್‌ನಲ್ಲಿ ಒಎಂಜಿ, ಎಲ್‌ಒಎಲ್, ಎಫ್‌ವೈಐಗಳನ್ನು ಸೇರಿಸಿಕೊಂಡಾಗ ಸಂಪಾದಕರು ಒಎಂಜಿಗೆ ಕೊಟ್ಟ ಮೊದಲ ಸಾಕ್ಷಿ ಈ ಪತ್ರವೇ. ಮೊಬೈಲ್ ಹುಡುಗರು ಭಾಷೆ ಕೆಡಿಸಿದರು ಎಂದು ಬೈಯುವವರಿಗೆ ಇದೊಂದು ಸಣ್ಣ ಪೆಟ್ಟು, ಅಲ್ವಾ? ಎಫ್‌ವೈಐ (‘ಫಾರ್ ಯುವರ್ ಇನ್‌ಫರ್ಮೇಶನ್’, ಅಂದರೆ ‘ನಿಮ್ಮ ಮಾಹಿತಿಗೆ’) ಕೂಡ 1941ರದು. ಎಲ್‌ಒಎಲ್‌ದು ಇನ್ನೂ ಮಜಾ. 1960ರಲ್ಲೇ ಅದು ಬಳಕೆಯಲ್ಲಿತ್ತು, ಆದರೆ ನಗುವಿಗಲ್ಲ, ‘ಲಿಟಲ್ ಓಲ್ಡ್ ಲೇಡಿ’, ಅಂದರೆ ‘ಪುಟ್ಟ ಮುದುಕಿ’ ಎಂಬರ್ಥದಲ್ಲಿ. ‘ಲಾಫಿಂಗ್ ಔಟ್ ಲೌಡ್’, ‘ಜೋರಾಗಿ ನಗ್ತಿದ್ದೀನಿ’ ಎಂಬ ಅರ್ಥ ಬಂದದ್ದು 1980ರ ದಶಕದಲ್ಲಿ, ಕಂಪ್ಯೂಟರ್‌ಗಳ ನಡುವೆ ಹರಟುತ್ತಿದ್ದವರಿಂದ.

ನಿಘಂಟಿಗೆ ಸೇರುವುದೆಂದರೆ ಮರ್ಯಾದೆಯ ಸರ್ಟಿಫಿಕೇಟ್ ಸಿಕ್ಕಂತೆ ಎಂದು ನಾವು ಅಂದುಕೊಂಡಿದ್ದೇವೆ. ಆಕ್ಸ್‌ಫರ್ಡ್‌ನವರು ಮೊದಲಿನಿಂದಲೂ ಮಾಡಿಕೊಂಡು ಬಂದದ್ದು ಬೇರೆ ಕೆಲಸ. 19ನೇ ಶತಮಾನದಲ್ಲಿ ಓದುಗರು ಪುಸ್ತಕ ಓದುತ್ತಾ, ಒಂದೊಂದು ಪದಕ್ಕೆ ಒಂದೊಂದು ಚೀಟಿ ಬರೆದು ಸಂಪಾದಕರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಪದ ಒಳ್ಳೆಯದೋ ಕೆಟ್ಟದೋ ಎಂಬುದಲ್ಲ ಪ್ರಶ್ನೆ. ಬಹಳ ಜನ, ಬಹಳ ಕಾಲ ಬಳಸಿದ್ದಾರಾ? ಬಿಡಿಸಿ ಹೇಳದೆಯೂ ಓದುವವರಿಗೆ ತಿಳಿಯುತ್ತದಾ? ನನ್ನ ಕಣ್ಣಿಗೆ ಈ ಎರಡನೆಯದೇ ಮುಖ್ಯ. ಬ್ರಾಕೆಟ್ ಬಿದ್ದುಹೋಗಬೇಕು.

‘ಓಕೆ’ಯನ್ನೇ ನೋಡಿ. 1839ರ ಮಾರ್ಚ್ 23ರಂದು ಬೋಸ್ಟನ್ನಿನ ಒಂದು ಪತ್ರಿಕೆ ಅದನ್ನು ಅಚ್ಚು ಹಾಕಿದಾಗ ಪಕ್ಕದಲ್ಲೇ ‘ಆಲ್ ಕರೆಕ್ಟ್’ ಎಂದು ವಿವರಣೆ ಕೊಟ್ಟಿತ್ತು. ಬೇಕೆಂದೇ ಸ್ಪೆಲ್ಲಿಂಗ್ ತಪ್ಪಿಸಿ (‘oll korrect’ ಎಂಬಂತೆ), ಅದರ ಮೊದಲಕ್ಷರ ಮಾತ್ರ ಬರೆಯುವುದು ಆಗ ಅಲ್ಲಿನ ಪತ್ರಕರ್ತರ ಚೇಷ್ಟೆ. ‘ಆಲ್ ರೈಟ್’ ಕೂಡ ‘ಓ.ಡಬ್ಲ್ಯೂ.’ ಆಗಿತ್ತು. ಅದು ಸತ್ತಿತು, ಓಕೆ ಉಳಿಯಿತು. ಯಾಕೆಂದರೆ 1840ರ ಚುನಾವಣೆ ಬಂತು. ಅಧ್ಯಕ್ಷ ವ್ಯಾನ್ ಬ್ಯೂರನ್ ಅವರ ಅಡ್ಡಹೆಸರು ‘ಓಲ್ಡ್ ಕಿಂಡರ್‌ಹುಕ್’. ಅದೂ ಓಕೆ! ಬೆಂಬಲಿಗರು ಓಕೆ ಕ್ಲಬ್ಬುಗಳನ್ನೇ ಕಟ್ಟಿದರು. ಅಧ್ಯಕ್ಷರು ಸೋತರು, ಪದ ಗೆದ್ದಿತು. ಇವತ್ತು ನಮ್ಮ ಹಳ್ಳಿಯ ಅಜ್ಜಿಯೂ ಫೋನಿಡುವಾಗ ‘ಓಕೆ’ ಅನ್ನುತ್ತಾಳೆ. ಅದರ ಉದ್ದದ ರೂಪ ಕೇಳಿದರೆ ನಮಗೂ ಗೊತ್ತಿಲ್ಲ.

ಬ್ರಾಕೆಟ್ ಪೂರ್ತಿ ಬೀಳುವ ಮುಂಚೆ ಎಡವಟ್ಟೂ ಆಗುತ್ತದೆ. ಬ್ರಿಟನ್ನಿನ ಆಗಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ಮೆಸೇಜಿನ ಕೊನೆಗೆ ‘ಲೋಲ್’ (ಅದೇ ಎಲ್‌ಒಎಲ್) ಹಾಕುತ್ತಿದ್ದರಂತೆ, ‘ಲಾಟ್ಸ್ ಆಫ್ ಲವ್’, ‘ತುಂಬಾ ಪ್ರೀತಿ’ ಎಂಬರ್ಥದಲ್ಲಿ. ಇದು 2012ರಲ್ಲಿ ಒಂದು ವಿಚಾರಣೆಯಲ್ಲಿ ಹೊರಬಂತು. ಪದ ನಿಘಂಟು ಸೇರಿ ಆಗಲೇ ವರ್ಷ ಕಳೆದಿತ್ತು.

ನಾವೇನು ಕಡಿಮೆಯಿಲ್ಲ. ಮದುವೆ ಕಾರ್ಡಿನ ‘ಚಿ||’, ‘ಸೌ||’ ನೆನಪಿಸಿಕೊಳ್ಳಿ. ತಲೆಮಾರುಗಳಿಂದ ಬರೆಯುತ್ತಿದ್ದೇವೆ, ಆದರೂ ಅವು ಪದಗಳಾಗಲಿಲ್ಲ. ಜೋರಾಗಿ ಓದುವಾಗ ‘ಚಿರಂಜೀವಿ’ ಎಂದೇ ಬಿಡಿಸುತ್ತೇವೆ. ಕುವೆಂಪು ಹಾಗಲ್ಲ. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಎಂದು ಯಾರೂ ಬಿಡಿಸಲು ಹೋಗುವುದಿಲ್ಲ. ‘ಕುವೆಂಪು ಅವರ’, ‘ಕುವೆಂಪುಗೆ’ ಎಂದು ವಿಭಕ್ತಿಯೂ ಸಲೀಸಾಗಿ ಅಂಟಿಕೊಂಡಿದೆ. ‘ಟ್ರೋಲ್’ ಈಗ ಅದೇ ದಾರಿಯಲ್ಲಿದೆ: ಟ್ರೋಲಿಗ, ಟ್ರೋಲಿಗರು, ಟ್ರೋಲ್ ಆದ.

ಆದರೆ ಮೊಬೈಲ್ ಕಾಲದ ಕನ್ನಡಕ್ಕೆ ಒಂದು ತಾಪತ್ರಯ ಅಂಟಿಕೊಂಡಿತು. ಇಂಗ್ಲಿಷ್ ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿದರೆ ಕನ್ನಡ ಲಿಪಿಗೆ ಬರೀ 70. ಅದರಲ್ಲೂ ಒತ್ತಕ್ಷರ, ಗುಣಿತಕ್ಕೆ ಬೇರೆ ಲೆಕ್ಕ. ‘ಗೊತ್ತಿಲ್ಲ’ ನಮ್ಮ ಕಣ್ಣಿಗೆ ಮೂರಕ್ಷರ, ಫೋನಿಗೆ ಒಂಬತ್ತು. ಎಷ್ಟೋ ಫೋನ್‌ಗಳಲ್ಲಿ ಕನ್ನಡ ಕೀಲಿಮಣೆಯೇ ಇರಲಿಲ್ಲ ಬಿಡಿ. ಹಾಗಾಗಿ ಜನ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟಿದರು. ಅದೇ ‘ಗೊತ್ತಿಲ್ಲ’ಕ್ಕೆ ಒಬ್ಬರು ಒಂದೇ ‘ಟಿ’ ಹಾಕುತ್ತಾರೆ, ಇನ್ನೊಬ್ಬರು ಎರಡು, ಮತ್ತೊಬ್ಬರು ‘ಟಿ’ ಜೊತೆ ‘ಎಚ್’. ಸುಮ್ನೆ ಸ್ವರ ನುಂಗಿಬಿಡುವವರೂ ಇದ್ದಾರೆ. ನಿಘಂಟಿನವರು ಚೀಟಿ ಬರೆದರೂ ಯಾವುದನ್ನು ಬರೆಯಬೇಕು?

ಕಾಲವೂ ಒಂದು ಚೇಷ್ಟೆ ಮಾಡಿದೆ. ಶಾಸನ, ಕಾವ್ಯಗಳಿಂದ ಸಾಲು ಹೆಕ್ಕಿ ಪದಗಳಿಗೆ ಸಾಕ್ಷಿ ಕೊಡುವ ಸಾಹಿತ್ಯ ಪರಿಷತ್ತಿನ ದೊಡ್ಡ ಕನ್ನಡ ನಿಘಂಟಿನ ಎಂಟನೆಯ, ಕೊನೆಯ ಸಂಪುಟ ಬಂದದ್ದು 1995ರಲ್ಲಿ. ಅದೇ ವರ್ಷ ಆಗಸ್ಟ್ 15ರಂದು ಆಗಿನ ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆಯಿತು. ಆಕಡೆ ಬಾಗಿಲು ಮುಚ್ಚಿತು, ಈಕಡೆ ಪದಗಳ ಸಂತೆ ಶುರುವಾಯಿತು. ಈ ನಡುವೆ 2016ರಲ್ಲಿ ಆಕ್ಸ್‌ಫರ್ಡ್ ನಮ್ಮೆಲ್ಲರ ‘ಅಯ್ಯೋ’ವನ್ನು ಕರೆದುಕೊಂಡು ಹೋಗಿ ಒಳಗೆ ಕೂರಿಸಿತು. ಫಿಶರ್ ಸಾಹೇಬರ ಒಎಂಜಿಗೆ ಒಳ್ಳೆ ಜೋಡಿ.

ಇನ್ನು ‘ಲೋಲ್’ ಎಂದು ಕನ್ನಡ ಲಿಪಿಯಲ್ಲೇ ಬರೆಯುವವರು ಈಗ ಬೇಕಾದಷ್ಟು ಸಿಗುತ್ತಾರೆ. ಮುಂದೊಂದು ದಿನ ಯಾರಾದರೂ ಅದಕ್ಕೆ ಚೀಟಿ ಬರೆದರೆ, ನಿಘಂಟಿನಲ್ಲಿ ಅದು ಕೂರಬೇಕಾದದ್ದು ‘ಲೋಲ’ದ ಪಕ್ಕದಲ್ಲಿ. ಅದಕ್ಕೆ ಅಲ್ಲಿರುವ ಅರ್ಥ: ಚಂಚಲ, ಆಸೆಬುರುಕ.